ಆಂಜಿಯೋಗ್ರಾಮ್ ಸಿಡಿಯ ಹಿಂದಿರುವ ಕಾನೂನಿನ ಕಥೆ

ನಮ್ಮ ಕುಮಾರ ಪಾರ್ಕಿಗೂ ರಕ್ತದೊತ್ತಡಕ್ಕೂ ಹಳೇ ನಂಟಿದೆ ಅಂದರೆ ನೀವು ನಗಬಹುದು. ಆದರೆ ನಿಜ. 1927ರ ಮಾರ್ಚ್ ತಿಂಗಳಲ್ಲಿ ಕೊಲ್ಹಾಪುರ, ನಿಪ್ಪಾಣಿ ಕಡೆ ಪ್ರವಾಸ ಮಾಡುತ್ತಿದ್ದ ಗಾಂಧೀಜಿ ಆಯಾಸದಿಂದ ಕುಸಿದರು. ರಕ್ತದೊತ್ತಡ ವಿಪರೀತ ಏರಿದೆ, ವಿಶ್ರಾಂತಿ ಬೇಕೇ ಬೇಕು ಅಂದರು ವೈದ್ಯರು. ಹಾಗಾಗಿ ಏಪ್ರಿಲ್‌ನಲ್ಲಿ ನಂದಿ ಬೆಟ್ಟಕ್ಕೆ ಬಂದರು. ಜೂನ್‌ನಲ್ಲಿ ಬೆಟ್ಟ ಇಳಿದು ಬೆಂಗಳೂರಿಗೆ ಬಂದು ಉಳಿದುಕೊಂಡಿದ್ದು ಕುಮಾರ ಪಾರ್ಕಿನಲ್ಲಿ. ಆ ತಿಂಗಳುಗಳಲ್ಲಿ ಅವರು ಬರೆದ ಎಷ್ಟೋ ಪತ್ರಗಳ ಮೇಲೆ ಕುಮಾರ ಪಾರ್ಕ್, ಬೆಂಗಳೂರು ಎಂಬ ವಿಳಾಸವೇ ಇದೆ.

ಈ ಕಥೆ ಈಗ ಯಾಕೆ ಅಂದರೆ, 2019ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತನ್ನ ಪತ್ರಿಕೆಯ ವಿಶೇಷ ಸಂಚಿಕೆಯಲ್ಲಿ ಗಾಂಧೀಜಿಯವರ ಆರೋಗ್ಯದ ದಾಖಲೆಗಳನ್ನು ಪ್ರಕಟಿಸಿತು. 1937ರ ಅಕ್ಟೋಬರ್ 26ರಂದು ಅವರ ರಕ್ತದೊತ್ತಡ 194/130. 1940ರ ಫೆಬ್ರವರಿ 19ರಂದು 220/110. ಯಾರೋ ಒಬ್ಬರು ಕಾಗದದ ಮೇಲೆ ಬರೆದಿಟ್ಟ ಅಂಕಿ, 80 ವರ್ಷದ ಮೇಲೂ ನಮ್ಮ ಕೈಗೆ ಸಿಕ್ಕಿತು.

ಈಗ ನಿಮ್ಮ ಮನೆಯವರ ವಿಷಯಕ್ಕೆ ಬನ್ನಿ. ಅಪ್ಪನಿಗೋ ಅತ್ತೆಗೋ ಆಂಜಿಯೋಗ್ರಾಮ್ ಆಗಿರುತ್ತದೆ. ಆಸ್ಪತ್ರೆಯವರು ಒಂದು ಸಿಡಿ ಕೊಟ್ಟಿರುತ್ತಾರೆ. ಅದೇ ಚಿತ್ರ ಆಸ್ಪತ್ರೆಯ ಕಂಪ್ಯೂಟರಿನಲ್ಲೂ ಇರುತ್ತದೆ ಅಂತ ನಾವು ನಂಬಿರುತ್ತೇವೆ. ಆ ಕಂಪ್ಯೂಟರ್ ವ್ಯವಸ್ಥೆಯನ್ನು ಕೊಳ್ಳುವಾಗ ಇದು ಎಫ್‌ಡಿಎ ಅಪ್ರೂವ್ಡ್ ಅಂತ ಮಾರುವವರು ಹೆಮ್ಮೆಯಿಂದ ಹೇಳಿರುತ್ತಾರೆ. ಸರಿ, ಆ ಮುದ್ರೆ ಬಿದ್ದದ್ದು ಹೇಗೆ? ಏನನ್ನು ನೋಡಿ ಒತ್ತಿದರು? ಏನನ್ನು ನೋಡಲಿಲ್ಲ? ಇದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ರೀಲಿನ ಕಾಲ

1958ರ ಅಕ್ಟೋಬರ್ 30. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಡಾ. ಮೇಸನ್ ಸೋನ್ಸ್ ಎಂಬುವರು 26 ವರ್ಷದ ರೋಗಿಯೊಬ್ಬನ ಹೃದಯದ ಕವಾಟ ಪರೀಕ್ಷೆ ಮಾಡುತ್ತಿದ್ದರು. ಬಣ್ಣದ ದ್ರವ ಬಿಡುವ ಹೊತ್ತಿಗೆ ನಳಿಕೆಯ ತುದಿ ಜಾರಿ ನೇರ ಬಲಗಡೆಯ ಕೊರೋನರಿ ನಾಳದೊಳಗೆ ಹೋಗಿಬಿಟ್ಟಿತ್ತು. ರೋಗಿ ಸತ್ತೇ ಹೋದ ಅಂದುಕೊಂಡರಂತೆ. ಅವನು ಬದುಕಿದ. ಅಷ್ಟೇ ಅಲ್ಲ, ಹೃದಯಕ್ಕೆ ರಕ್ತ ಕೊಡುವ ನಾಳವನ್ನು ಬದುಕಿರುವ ಮನುಷ್ಯನಲ್ಲಿ ಹೀಗೆ ಸ್ಪಷ್ಟವಾಗಿ ನೋಡಬಹುದು ಅಂತ ಜಗತ್ತಿಗೆ ಗೊತ್ತಾಯಿತು. ಆಂಜಿಯೋಗ್ರಾಮ್ ಹುಟ್ಟಿದ್ದು ಹೀಗೆ.

ಹೃದಯ ಬಡಿಯುತ್ತಲೇ ಇರುತ್ತದಲ್ಲ, ಹಾಗಾಗಿ ಒಂದು ಎಕ್ಸ್‌ರೇ ಸಾಲದು. ಸಿನಿಮಾ ಬೇಕು. ಅದಕ್ಕೆ ಬಳಸಿದ್ದು ನಿಜವಾದ ಸಿನಿಮಾ ರೀಲನ್ನೇ, 35 ಎಂಎಂ. ಮೆಜೆಸ್ಟಿಕ್ಕಿನ ಟಾಕೀಸುಗಳಲ್ಲಿ ರಾಜ್‌ಕುಮಾರ್ ಚಿತ್ರ ಓಡುತ್ತಿದ್ದ ಅಗಲದ ರೀಲು! ಒಂದು ಅಡಿ ರೀಲಿಗೆ 16 ಚಿತ್ರ. ಸೆಕೆಂಡಿಗೆ 30 ಚಿತ್ರದಂತೆ ತೆಗೆದರೆ 100 ಅಡಿಯ ರೀಲು ಒಂದು ನಿಮಿಷವೂ ಬರುವುದಿಲ್ಲ. ಅದನ್ನು ಕತ್ತಲೆ ಕೋಣೆಯಲ್ಲಿ ತೊಳೆದು, ಒಣಗಿಸಿ, ಪ್ರೊಜೆಕ್ಟರಿಗೆ ಹಾಕಿ ನೋಡಬೇಕು. ಆಮೇಲೆ ಡಬ್ಬಿಯಲ್ಲಿ ಹಾಕಿ, ನಂಬರ್ ಬರೆದು ಕಪಾಟಿನಲ್ಲಿಡಬೇಕು.

ನಮ್ಮಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಯದೇವ ಹೃದ್ರೋಗ ಸಂಸ್ಥೆ ಶುರುವಾಗಿದ್ದು 1972ರಲ್ಲಿ. ಜಗತ್ತಿನಲ್ಲೆಲ್ಲ ಅದು ರೀಲಿನ ಕಾಲವೇ.

ಒಂದು ಮಾತು ಗಮನಿಸಿ. ಆ ಕಪಾಟಿಗೆ ಯಾವ ಸರಕಾರದ ಒಪ್ಪಿಗೆಯೂ ಬೇಕಿರಲಿಲ್ಲ. ಎಕ್ಸ್‌ರೇ ಯಂತ್ರಕ್ಕೆ ಕಾನೂನು ಬೇಕು, ಅದರಿಂದ ವಿಕಿರಣ ಬರುತ್ತದೆ. ಕಪಾಟು ಕಪಾಟೇ. ಅದು ಚಿತ್ರವನ್ನು ತಿದ್ದುವುದಿಲ್ಲ, ಅಳೆಯುವುದಿಲ್ಲ, ಅವರ ಚಿತ್ರವನ್ನು ಇವರ ಹೆಸರಿಗೆ ಸೇರಿಸುವುದಿಲ್ಲ. ಕಪಾಟು ಕಂಪ್ಯೂಟರ್ ಆದಾಗ ಶುರುವಾಯಿತು ತಲೆನೋವು.

ರೀಲು ಹೋಗಿ ಸಿಡಿ ಬಂತು

ಡಿಜಿಟಲ್ ಅಂದ ಕೂಡಲೇ ಮೊದಲ ಸಮಸ್ಯೆ ಗಾತ್ರದ್ದು. ಲೆಕ್ಕ ಹಾಕಿ ನೋಡೋಣ. ಆಂಜಿಯೋಗ್ರಾಮಿನ ಒಂದು ಚಿತ್ರದಲ್ಲಿ ಅಡ್ಡ 512, ಉದ್ದ 512 ಚುಕ್ಕಿಗಳು. ಚುಕ್ಕಿಗೆ ಒಂದು ಬೈಟ್ ಅಂದರೆ ಒಂದು ಚಿತ್ರಕ್ಕೆ 2,62,144 ಬೈಟ್. ಸೆಕೆಂಡಿಗೆ 30 ಚಿತ್ರ, 5 ಸೆಕೆಂಡ್ ತೆಗೆದರೆ ಸುಮಾರು 4 ಕೋಟಿ ಬೈಟ್. ಬೇರೆ ಬೇರೆ ಕೋನದಿಂದ 12 ಸಲ ತೆಗೆದರೆ 47 ಕೋಟಿ. 1995ರ ಸುಮಾರಿನಲ್ಲಿ ಮನೆಯಲ್ಲಿರುತ್ತಿದ್ದ ಕಂಪ್ಯೂಟರಿನ ಇಡೀ ಹಾರ್ಡ್ ಡಿಸ್ಕೇ ಹೆಚ್ಚುಕಡಿಮೆ ಅಷ್ಟಿತ್ತು. ಒಬ್ಬ ರೋಗಿಗೆ ಒಂದು ಹಾರ್ಡ್ ಡಿಸ್ಕ್!

ಎರಡನೇ ಸಮಸ್ಯೆ ಭಾಷೆಯದು. ಒಂದು ಕಂಪನಿಯ ಯಂತ್ರ ಬರೆದದ್ದು ಇನ್ನೊಂದು ಕಂಪನಿಯ ಯಂತ್ರಕ್ಕೆ ಅರ್ಥವಾಗುತ್ತಿರಲಿಲ್ಲ. ರೀಲಾದರೆ ಯಾವ ಪ್ರೊಜೆಕ್ಟರಿಗೆ ಹಾಕಿದರೂ ಓಡುತ್ತಿತ್ತು. ಇದನ್ನು ಸರಿಮಾಡಲು ಅಮೆರಿಕದ ಎಕ್ಸ್‌ರೇ ತಜ್ಞರ ಸಂಘ ಮತ್ತು ತಯಾರಕರ ಸಂಘ 1983ರಲ್ಲಿ ಒಟ್ಟಿಗೆ ಕೂತವು. 1985ರಲ್ಲಿ ಮೊದಲ ಮಾನದಂಡ ಬಂತು, 1988ರಲ್ಲಿ ಎರಡನೆಯದು. 1993ರಲ್ಲಿ ಬಂದ ಮೂರನೆಯದಕ್ಕೆ ಡೈಕಾಮ್ ಅಂತ ಹೆಸರಿಟ್ಟರು. ಹೃದ್ರೋಗ ತಜ್ಞರ ಸಂಘವೂ ಇವರ ಜೊತೆ ಸೇರಿ, 1995ರಲ್ಲಿ ಆಂಜಿಯೋಗ್ರಾಮ್ ವಿನಿಮಯಕ್ಕೆ ಸಿಡಿಯನ್ನು ಬಳಸುವ ವ್ಯವಸ್ಥೆಯನ್ನು ಎಲ್ಲರೆದುರು ತೋರಿಸಿತು. ಚಿತ್ರದ ಒಂದು ಚುಕ್ಕಿಯೂ ಕಳೆಯದಂತೆ ಅರ್ಧದಷ್ಟಕ್ಕೆ ಒತ್ತಿ ಸಿಡಿಗೆ ಬರೆಯುವುದು. ನಿಮ್ಮ ಮನೆಯ ಸಿಡಿಯ ಅಜ್ಜ ಅದೇ.

ಇನ್ನೂ ಜೋರಾಗಿ ಒತ್ತಿದರೆ ಜಾಗ ಉಳಿಯುತ್ತದಲ್ಲ? ಉಳಿಯುತ್ತದೆ, ಆದರೆ ಆಗ ಚಿತ್ರದ ಸ್ವಲ್ಪ ಭಾಗ ಶಾಶ್ವತವಾಗಿ ಹೋಗುತ್ತದೆ. ಎಷ್ಟು ಹೋದರೆ ಪರವಾಗಿಲ್ಲ? ಅಮೆರಿಕ ಮತ್ತು ಯುರೋಪಿನ ಹೃದ್ರೋಗ ತಜ್ಞರು ಸೇರಿ ನಡೆಸಿದ ದೊಡ್ಡ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. 6 ಪಟ್ಟು, 10 ಪಟ್ಟು, 16 ಪಟ್ಟು ಒತ್ತಿದ ಚಿತ್ರಗಳನ್ನು ತಜ್ಞರಿಗೆ ತೋರಿಸಿದರು. 16 ಪಟ್ಟಿಗೆ ಹೋದಾಗ ಓದುವುದರಲ್ಲಿ ತಪ್ಪು ಹೆಚ್ಚಾಯಿತು. ಹೃದಯದ ನಾಳದಲ್ಲಿ ಒಂದು ಚಿಕ್ಕ ಹೆಪ್ಪು, ಒಂದು ಸೀಳು... ಪರದೆಯ ಮೇಲೆ ಅದು ಕೆಲವೇ ಚುಕ್ಕಿಗಳಷ್ಟು ಅಗಲ. ಅವೇ ಹೋದರೆ ನೋಡುವವರು ಏನು ನೋಡುತ್ತಾರೆ?

ಎಫ್‌ಡಿಎ ಏನು ಮಾಡಿತು

ಅಮೆರಿಕದಲ್ಲಿ ವೈದ್ಯಕೀಯ ಸಾಧನಗಳ ಕಾನೂನು ಬಿಗಿಯಾದದ್ದು 1976ರ ಮೇ 28ರಂದು. ಅಂದಿನಿಂದ ಬಹುಪಾಲು ಮಧ್ಯಮ ದರ್ಜೆಯ ಸಾಧನಗಳು ಮಾರುಕಟ್ಟೆಗೆ ಬರುವುದು 510(ಕೆ) ಎಂಬ ದಾರಿಯಲ್ಲಿ. ಇದನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ಮದುವೆ ಮನೆಗೆ ಹೊಸ ಅಡುಗೆ ಭಟ್ಟರನ್ನು ಗೊತ್ತು ಮಾಡುವಾಗ ಕೇಳುತ್ತೇವಲ್ಲ, "ನಮ್ಮ ಹಳೇ ಭಟ್ಟರ ಹಾಗೇ ಮಾಡ್ತಾರಾ?" ಅಂತ. ಹಾಗೇ ಮಾಡುತ್ತಾರೆ ಅಂದರೆ ಸರಿ, ಒಪ್ಪಿಗೆ. 510(ಕೆ)ನಲ್ಲೂ ಅಷ್ಟೇ. ಈಗಾಗಲೇ ಕಾನೂನುಬದ್ಧವಾಗಿ ಮಾರಾಟದಲ್ಲಿರುವ ಒಂದು ಸಾಧನವನ್ನು ತೋರಿಸಿ, ನಮ್ಮದು ಅದಕ್ಕೆ ಸರಿಸಮ ಅಂತ ರುಜುವಾತು ಮಾಡಬೇಕು. ಎಫ್‌ಡಿಎ ಇದಕ್ಕೆ ಕ್ಲಿಯರೆನ್ಸ್ ಅನ್ನುತ್ತದೆ. ಅಪ್ರೂವಲ್ ಅನ್ನುವುದು ಬೇರೆಯೇ, ಇನ್ನೂ ಕಠಿಣವಾದ ದಾರಿ. ಹೃದಯದ ಕೃತಕ ಕವಾಟದಂಥವಕ್ಕೆ ಅದು. ಹಾಗಾಗಿ ಚಿತ್ರ ಕಾಪಿಡುವ ಸಾಫ್ಟ್‌ವೇರ್ ಮೇಲೆ ಎಫ್‌ಡಿಎ ಅಪ್ರೂವ್ಡ್ ಅಂತ ಬರೆದಿದ್ದರೆ, ಆ ಪದವೇ ಸರಿಯಲ್ಲ!

ವೈದ್ಯಕೀಯ ಚಿತ್ರಗಳನ್ನು ಇಡುವ, ಕಳಿಸುವ, ತೋರಿಸುವ ಇಡೀ ವ್ಯವಸ್ಥೆಗೆ ಪ್ಯಾಕ್ಸ್ ಅನ್ನುತ್ತಾರೆ. 1990ರ ದಶಕದಲ್ಲಿ ಇಂಥವು ಸಾಲುಸಾಲಾಗಿ ಬಂದಾಗ ಎಫ್‌ಡಿಎ ಕೆಲವು ಮಾತು ಸ್ಪಷ್ಟಪಡಿಸಿತು. ಅದರಲ್ಲಿ ಒಂದು ತುಂಬಾ ಒಳ್ಳೆಯದು: ಮೂಲಕ್ಕೆ ಮರಳದ ಹಾಗೆ ಒತ್ತಿದ ಚಿತ್ರವಾದರೆ, ಅದನ್ನು ತೋರಿಸುವಾಗ ಒತ್ತಿದ್ದೇವೆ ಅಂತಲೂ, ಸುಮಾರು ಎಷ್ಟು ಪಟ್ಟು ಅಂತಲೂ ಬರೆದು ತೋರಿಸಬೇಕು. ಹಾಲಿಗೆ ನೀರು ಬೆರೆಸಿದ್ದರೆ ಹೇಳಿ ಮಾರು ಅಂದಂತೆ.

1998ರ ಏಪ್ರಿಲ್ 29ರಂದು ಅಂತಿಮ ನಿಯಮ ಬಂತು. ಚಿತ್ರಗಳಿಗೆ ಸಂಬಂಧಪಟ್ಟ ಸಾಧನಗಳನ್ನು ಐದು ಬಗೆಯಾಗಿ ಹಂಚಿದರು. ಬರೀ ಇಡುವುದು, ಬರೀ ಕಳಿಸುವುದು – ಇವೆರಡು ಒಂದನೇ ದರ್ಜೆ. ಅಪಾಯ ಕಡಿಮೆ, ಮುಂಚಿತ ಪರಿಶೀಲನೆ ಬೇಡ. ಫಿಲ್ಮನ್ನು ಡಿಜಿಟಲ್ ಮಾಡುವುದು, ಚಿತ್ರವನ್ನು ಅಚ್ಚು ಹಾಕುವುದು, ಪೂರ್ತಿ ಪ್ಯಾಕ್ಸ್ ವ್ಯವಸ್ಥೆ – ಇವು ಎರಡನೇ ದರ್ಜೆ. ಹೃದಯದ ಪ್ಯಾಕ್ಸ್ ಇದರಲ್ಲೇ ಬಂತು. ಯಾಕೆಂದರೆ ಅದು ಸುಮ್ಮನೆ ಇಡುವುದಿಲ್ಲ, ನಾಳ ಎಷ್ಟು ಕಿರಿದಾಗಿದೆ, ಹೃದಯ ಒಂದು ಬಡಿತಕ್ಕೆ ಎಷ್ಟು ರಕ್ತ ಹೊರದೂಡುತ್ತಿದೆ ಅಂತ ಅಳೆದೂ ಕೊಡುತ್ತದೆ. ಆ ಅಳತೆಯ ಮೇಲೆ ಆಪರೇಷನ್ ತೀರ್ಮಾನ ಆಗಬಹುದು.

ಮುಂದೆ ಹಿಡಿತ ಇನ್ನೂ ಸಡಿಲವಾಯಿತು. 2016ರ ಡಿಸೆಂಬರ್‌ನಲ್ಲಿ ಅಮೆರಿಕ ಮಾಡಿದ ಹೊಸ ಕಾನೂನಿನಂತೆ, ಚಿತ್ರ ಮತ್ತು ಮಾಹಿತಿಯನ್ನು ಬರೀ ಇಟ್ಟು, ಸಾಗಿಸಿ, ತೋರಿಸುವ ಸಾಫ್ಟ್‌ವೇರ್ ವೈದ್ಯಕೀಯ ಸಾಧನವೇ ಅಲ್ಲ. ಅದು ಚಿತ್ರವನ್ನು ವಿಶ್ಲೇಷಿಸಿದರೆ ಮಾತ್ರ ಸಾಧನ. 2021ರ ಏಪ್ರಿಲ್‌ನಲ್ಲಿ ಎಫ್‌ಡಿಎ ತನ್ನ ನಿಯಮಗಳನ್ನೂ ಹಾಗೇ ತಿದ್ದಿತು. ಪ್ಯಾಕ್ಸ್ ಎಂಬ ದರ್ಜೆಯ ಹೆಸರನ್ನೇ ಬದಲಾಯಿಸಿ, ಚಿತ್ರ ನಿರ್ವಹಣೆ ಮತ್ತು ಸಂಸ್ಕರಣೆಯ ವ್ಯವಸ್ಥೆ ಅಂತ ಕರೆಯಿತು.

ಅಲ್ಲಿಗೆ ಒಂದು ಸುತ್ತು ಮುಗಿಯಿತು ನೋಡಿ. ಕಾನೂನಿನ ಕಣ್ಣಿಗೆ ಸಂಗ್ರಹ ಅನ್ನುವುದು ಮತ್ತೆ ಬರೀ ಕಪಾಟು.

ನಮ್ಮಲ್ಲಿ ಏನಾಯಿತು

ಬೆಂಗಳೂರಿನ ಪಾತ್ರ ಇದರಲ್ಲಿ ಚಿಕ್ಕದಲ್ಲ. ವಿಪ್ರೋ ಮತ್ತು ಜಿಇ ಸೇರಿ ಇಲ್ಲಿ ವೈದ್ಯಕೀಯ ಉಪಕರಣಗಳ ಕಂಪನಿ ಕಟ್ಟಿದ್ದು 1990ರಲ್ಲಿ. ಫಿಲಿಪ್ಸ್ ತನ್ನ ಸಾಫ್ಟ್‌ವೇರ್ ಕೇಂದ್ರ ತೆರೆದದ್ದು 1996ರಲ್ಲಿ. ಜಗತ್ತಿನ ಆಸ್ಪತ್ರೆಗಳಿಗೆ ಹೋಗುವ ವೈದ್ಯಕೀಯ ಚಿತ್ರಗಳ ಸಾಫ್ಟ್‌ವೇರ್ ಕೆಲಸದಲ್ಲಿ ನಮ್ಮೂರ ಹುಡುಗ ಹುಡುಗಿಯರ ಕೈಯಿದೆ. ಆದರೆ ಆ ಕಾಲದಲ್ಲಿ ಅಂಥ ಸಾಫ್ಟ್‌ವೇರಿಗೆ ಒಪ್ಪಿಗೆ ಕೊಡುವ ಕಾನೂನು ಮಾತ್ರ ನಮ್ಮ ದೇಶದಲ್ಲಿ ಇರಲಿಲ್ಲ. ಹಾಗಾಗಿ ಆಸ್ಪತ್ರೆಗಳ ಟೆಂಡರುಗಳಲ್ಲಿ ಯುಎಸ್ ಎಫ್‌ಡಿಎ ಅಥವಾ ಯುರೋಪಿನ ಸಿಇ ಇರಬೇಕು ಅಂತ ಬರೆಯುವುದು ರೂಢಿಯಾಯಿತು. ಪರರ ಮನೆಯ ಮುದ್ರೆಯೇ ನಮಗೂ ಮುದ್ರೆ.

ಕಾನೂನು ಇಲ್ಲ ಅಂತ ಕೆಲಸ ನಿಲ್ಲಲಿಲ್ಲ. 2002ರಲ್ಲಿ ಇಸ್ರೋ ನೆರವಿನಿಂದ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ, ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಉಪಗ್ರಹದ ಮೂಲಕ ಜೋಡಿಸಿದರು. ಕಾಡಂಚಿನ ಊರಿನ ರೋಗಿಯ ಇಸಿಜಿಯನ್ನು ಬೆಂಗಳೂರಿನ ತಜ್ಞರು ಕೂತಲ್ಲೇ ನೋಡುವಂತಾಯಿತು. ಮಾರನೇ ವರ್ಷ ಕೇಂದ್ರದ ಮಾಹಿತಿ ತಂತ್ರಜ್ಞಾನ ಇಲಾಖೆ ಟೆಲಿಮೆಡಿಸಿನ್‌ಗೆ ಮಾರ್ಗಸೂಚಿ ಹೊರಡಿಸಿತು. ಅದು ಶಿಫಾರಸು ಅಷ್ಟೇ, ಕಾನೂನಲ್ಲ.

ಕಾನೂನು ಬಂದ ಕ್ರಮ ಇನ್ನೂ ಸ್ವಾರಸ್ಯ. 2005ರಲ್ಲಿ ಸರಕಾರ ಹೃದಯದ ಸ್ಟೆಂಟ್, ಕವಾಟ, ಕ್ಯಾತಿಟರ್ ಮುಂತಾದ ಕೆಲವು ಸಾಧನಗಳನ್ನು 1940ರ ಔಷಧ ಕಾಯ್ದೆಯ ಕೆಳಗೆ ತಂದಿತು. ಅಂದರೆ ಹೃದಯದೊಳಗೆ ಹೋಗುವ ಸ್ಟೆಂಟಿಗೆ ಕಾನೂನು ಬಂತು. ಸ್ಟೆಂಟ್ ಬೇಕೋ ಬೇಡವೋ ಅಂತ ತೀರ್ಮಾನಿಸಲು ನೋಡುವ ಚಿತ್ರವನ್ನು ಇಡುವ, ಅಳೆಯುವ ಸಾಫ್ಟ್‌ವೇರಿಗೆ ಬರಲಿಲ್ಲ. ಅದಕ್ಕೆ ಇನ್ನೂ 15 ವರ್ಷ ಹಿಡಿಯಿತು! 2017ರ ವೈದ್ಯಕೀಯ ಸಾಧನ ನಿಯಮಗಳು 2018ರ ಜನವರಿಯಿಂದ ಜಾರಿಗೆ ಬಂದವು. ಅಪಾಯದ ಲೆಕ್ಕದಲ್ಲಿ ಎ, ಬಿ, ಸಿ, ಡಿ ಅಂತ ನಾಲ್ಕು ದರ್ಜೆ. ಎ ಮತ್ತು ಬಿ ದರ್ಜೆಯ ತಯಾರಿಕೆಗೆ ರಾಜ್ಯದ ಪ್ರಾಧಿಕಾರ, ಸಿ ಮತ್ತು ಡಿಗೆ ದೆಹಲಿ. 2020ರ ಫೆಬ್ರವರಿ 11ರ ಅಧಿಸೂಚನೆಯಲ್ಲಿ ರೋಗ ಪತ್ತೆ, ಚಿಕಿತ್ಸೆ, ನಿಗಾ ಇತ್ಯಾದಿಗೆ ಬಳಸುವ ಎಲ್ಲ ಸಾಧನಗಳನ್ನೂ, ಸಾಫ್ಟ್‌ವೇರ್ ಸೇರಿಸಿ, ಆ ವರ್ಷದ ಏಪ್ರಿಲ್ 1ರಿಂದ ಕಾಯ್ದೆಯೊಳಗೆ ತಂದರು. ತಮಾಷೆ ಏನೆಂದರೆ ಹಳೇ ಕಾಯ್ದೆಯ ವ್ಯಾಖ್ಯೆಯಲ್ಲೇ ತುರುಕಿದ್ದರಿಂದ, ಕಾನೂನಿನ ಭಾಷೆಯಲ್ಲಿ ಆ ಸಾಫ್ಟ್‌ವೇರ್ ಕೂಡ ಔಷಧ! ಎ ಮತ್ತು ಬಿ ದರ್ಜೆಗೆ 2022ರ ಅಕ್ಟೋಬರ್‌ನಿಂದ, ಸಿ ಮತ್ತು ಡಿಗೆ 2023ರ ಅಕ್ಟೋಬರ್‌ನಿಂದ ಪರವಾನಗಿಯ ಹಂತ ಬಂತು.

ಮುದ್ರೆ ಹೇಳದ ಮಾತು

ಇಷ್ಟೆಲ್ಲ ಆದಮೇಲೂ ಒಂದು ಪ್ರಶ್ನೆ ಹಾಗೇ ಉಳಿಯುತ್ತದೆ. ಒಪ್ಪಿಗೆ ಕೊಡುವವರು ನೋಡುವುದು ತಯಾರಕರು ಹೇಳಿದ ಕೆಲಸವನ್ನು ಸಾಧನ ಸರಿಯಾಗಿ ಮಾಡುತ್ತದೆಯೇ ಅಂತ. ಅದನ್ನು ಆಸ್ಪತ್ರೆಯಲ್ಲಿ ಹೇಗೆ ಜೋಡಿಸಿದ್ದಾರೆ, ಯಾರು ನೋಡಿಕೊಳ್ಳುತ್ತಾರೆ, ಎಷ್ಟು ವರ್ಷ ಇಡುತ್ತಾರೆ – ಇದ್ಯಾವುದೂ ಆ ಮುದ್ರೆಯಲ್ಲಿಲ್ಲ.

ಎರಡು ಉದಾಹರಣೆ ಕೊಡುತ್ತೇನೆ. 2016ರಲ್ಲಿ ಎಫ್‌ಡಿಎಗೆ ಬಂದ ಒಂದು ವರದಿಯ ಪ್ರಕಾರ, ಹೃದಯಕ್ಕೆ ನಳಿಕೆ ಹಾಕಿ ಪರೀಕ್ಷೆ ನಡೆಯುತ್ತಿದ್ದಾಗಲೇ ಅದನ್ನು ದಾಖಲಿಸುವ ಕಂಪ್ಯೂಟರಿನ ಪರದೆ ಕಪ್ಪಾಯಿತು. ರೋಗಿಗೆ ಮಂಪರು ಕೊಟ್ಟಾಗಿತ್ತು. ಸುಮಾರು 5 ನಿಮಿಷ ಎಲ್ಲರೂ ಕಾದರು. ಕಾರಣ? ಗಂಟೆಗೊಂದು ಸಲ ಓಡುವಂತೆ ಇಟ್ಟಿದ್ದ ಆಂಟಿವೈರಸ್! ಪುಣ್ಯಕ್ಕೆ ರೋಗಿಗೆ ಏನೂ ಆಗಲಿಲ್ಲ.

ಇನ್ನೊಂದು ನಮ್ಮ ಬುಡಕ್ಕೇ ಬಂದದ್ದು. ಜರ್ಮನಿಯ ಗ್ರೀನ್‌ಬೋನ್ ಎಂಬ ಭದ್ರತಾ ಸಂಸ್ಥೆ ಪಾಸ್‌ವರ್ಡ್ ಇಲ್ಲದೆ ಇಂಟರ್ನೆಟ್ಟಿಗೆ ತೆರೆದುಕೊಂಡಿದ್ದ ಪ್ಯಾಕ್ಸ್ ಸರ್ವರ್‌ಗಳನ್ನು ಜಗತ್ತಿನಾದ್ಯಂತ ಹುಡುಕಿತು. 2020ರ ಆರಂಭದಲ್ಲಿ ಸುದ್ದಿಯಾದ ಅದರ ಲೆಕ್ಕದಲ್ಲಿ ಭಾರತದ ರಾಜ್ಯಗಳ ಪೈಕಿ ಮಹಾರಾಷ್ಟ್ರ ಮೊದಲು, ಕರ್ನಾಟಕ ಎರಡನೆಯದು. ನಮ್ಮ ರಾಜ್ಯದ್ದೇ ಸುಮಾರು 1.82 ಲಕ್ಷ ದಾಖಲೆ, ಸುಮಾರು 1.37 ಕೋಟಿ ಚಿತ್ರ. ಯಾರು ಬೇಕಾದರೂ ನೋಡಬಹುದಿತ್ತು. ಯಂತ್ರ ಚಿತ್ರವನ್ನು ಒಂದು ಚುಕ್ಕಿಯೂ ಕೆಡದಂತೆ ಇಟ್ಟಿತ್ತು, ನಿಜ. ಬಾಗಿಲು ಮಾತ್ರ ಹಾಕಿರಲಿಲ್ಲ.

ಇನ್ನು ಎಷ್ಟು ವರ್ಷ ಇಡಬೇಕು? ವೈದ್ಯರ ನಡವಳಿಕೆಗೆ ಸಂಬಂಧಿಸಿದ 2002ರ ಭಾರತೀಯ ವೈದ್ಯಕೀಯ ಮಂಡಳಿಯ ನಿಯಮದಂತೆ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಆರೋಗ್ಯ ಸಚಿವಾಲಯ 2016ರಲ್ಲಿ ಹೊರತಂದ ಎಲೆಕ್ಟ್ರಾನಿಕ್ ದಾಖಲೆಗಳ ಮಾನದಂಡ ಬೇರೆ ಹೇಳುತ್ತದೆ: ವ್ಯಕ್ತಿ ಬದುಕಿರುವವರೆಗೂ ಅಳಿಸಬಾರದು. ಒಂದು ಕಡೆ 3 ವರ್ಷ, ಇನ್ನೊಂದು ಕಡೆ ಜೀವಮಾನ. ನಡುವೆ ನಾವು.

ನಮ್ಮ ದೊಡ್ಡಪ್ಪನವರಿಗೆ 2006ರಲ್ಲಿ ಆಂಜಿಯೋಗ್ರಾಮ್ ಆಗಿತ್ತು. ಆಗ ಔಷಧಿಯಲ್ಲೇ ಸಾಗಿಸೋಣ ಅಂದಿದ್ದರು. 2019ರಲ್ಲಿ ಮತ್ತೆ ಎದೆನೋವು ಬಂದು ಬೇರೆ ಆಸ್ಪತ್ರೆಗೆ ಸೇರಿಸಿ ಇನ್ನೊಮ್ಮೆ ಆಂಜಿಯೋಗ್ರಾಮ್ ಮಾಡಿದಾಗ ಎರಡು ನಾಳದಲ್ಲಿ ಅಡ್ಡಿ ಕಂಡಿತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಹಳೇದು ಇದೆಯಾ?" ಹಳೇ ಆಸ್ಪತ್ರೆಗೆ ಓಡಿದರೆ, "ಅಷ್ಟು ಹಿಂದಿನದು ಸಿಗಲ್ಲ ಸಾರ್" ಅಂದರು. ಸಿಕ್ಕಿದ್ದು ದೊಡ್ಡಮ್ಮನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ. ಸಿಡಿಯೇನೋ ಸಿಕ್ಕಿತು, ಮನೆಯ ಯಾವ ಲ್ಯಾಪ್‌ಟಾಪಿನಲ್ಲೂ ಸಿಡಿ ಡ್ರೈವ್ ಇಲ್ಲ! ಎಸ್.ಪಿ. ರೋಡಿಗೆ ಹೋಗಿ ಒಂದು ತಂದದ್ದಾಯಿತು. ಸಿಡಿಯೊಳಗಿದ್ದ ನೋಡುವ ಪ್ರೋಗ್ರಾಮ್ ಹೊಸ ವಿಂಡೋಸ್‌ನಲ್ಲಿ ಓಡಲೇ ಇಲ್ಲ. ಆದರೆ ಚಿತ್ರಗಳು ಡೈಕಾಮ್ ರೂಪದಲ್ಲಿದ್ದುದರಿಂದ ಹೊಸ ಆಸ್ಪತ್ರೆಯ ಕಂಪ್ಯೂಟರ್ ಅವನ್ನು ತೆರೆಯಿತು. ಹಳೇದು, ಹೊಸದು ಅಕ್ಕಪಕ್ಕ ಇಟ್ಟು ನೋಡಿದರು. ಎಡಗಡೆಯ ನಾಳದ ಅಡ್ಡಿ 13 ವರ್ಷದಲ್ಲಿ ಹೆಚ್ಚು ಬದಲಾಗಿರಲಿಲ್ಲ. ಬಲಗಡೆಯದು ಹೊಸದು. ಅದಕ್ಕೆ ಮಾತ್ರ ಸ್ಟೆಂಟ್ ಹಾಕಿದರು.

ಇಲ್ಲಿ ಕೈಹಿಡಿದದ್ದು ಯಾವುದು ಅಂತ ಯೋಚಿಸಿದರೆ, ಹಳೇ ಆಸ್ಪತ್ರೆಯ ವ್ಯವಸ್ಥೆಗೆ ಬಿದ್ದಿದ್ದ ಮುದ್ರೆ ಅಲ್ಲ. ಒಂದು, ಬೇರೆ ಬೇರೆ ಕಂಪನಿಗಳು ಒಂದೇ ಭಾಷೆಗೆ ಒಪ್ಪಿಕೊಂಡದ್ದು. ಇನ್ನೊಂದು, ದೊಡ್ಡಮ್ಮ ಯಾವುದನ್ನೂ ಬಿಸಾಕದ ಹೆಂಗಸು ಆಗಿದ್ದದ್ದು.

ಮುದ್ರೆ ಬೇಡ ಅಂತ ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ 16 ಪಟ್ಟು ಒತ್ತಿದ ಚಿತ್ರವನ್ನೂ ಅಸಲಿ ಅಂತ ಮಾರುತ್ತಿದ್ದರು. ತಪ್ಪು ಅಳೆಯುವ ಸಾಫ್ಟ್‌ವೇರ್ ಆಪರೇಷನ್ ಕೋಣೆಯವರೆಗೂ ಬರುತ್ತಿತ್ತು. ಆದರೆ ಮುದ್ರೆ ಹೇಳುವುದು ಚಿತ್ರ ಕೆಡುವುದಿಲ್ಲ ಅಂತ. ಚಿತ್ರ ಉಳಿಯುತ್ತದೆ ಅಂತ ಅಲ್ಲ. ಇವೆರಡನ್ನೂ ಒಂದೇ ಅಂದುಕೊಂಡರೆ ಕಷ್ಟ ನಮಗೇ.

ಆದ್ದರಿಂದ ಈ ಭಾನುವಾರ ಒಂದು ಕೆಲಸ ಮಾಡಿ. ಬೀರು ತೆಗೆದು ಮನೆಯವರ ಆಂಜಿಯೋಗ್ರಾಮ್, ಎಕೋ ಸಿಡಿಗಳನ್ನು ಹುಡುಕಿ. ಒಳಗಿನ ಎಲ್ಲ ಫೈಲುಗಳನ್ನೂ, ಬರೀ ನೋಡುವ ಪ್ರೋಗ್ರಾಮನ್ನಲ್ಲ, ಎರಡು ಕಡೆ ಕಾಪಿ ಮಾಡಿಡಿ. ಹೆಸರು, ಆಸ್ಪತ್ರೆ, ತಾರೀಖು ಬರೆದಿಡಿ. ಚಿತ್ರದ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಇಟ್ಟುಕೊಂಡರೆ ಸಾಲದು, ಅದು ಒತ್ತಿದ ಚಿತ್ರ. ಮುಂದೆ ಯಾರಿಗಾದರೂ ಪರೀಕ್ಷೆ ಆದರೆ ಡಿಸ್ಚಾರ್ಜ್ ದಿನವೇ ಕೇಳಿ, "ಡೈಕಾಮ್ ಫೈಲ್ ಕೊಡಿ, ನೀವು ಎಷ್ಟು ವರ್ಷ ಇಡ್ತೀರಿ?" ಅಂತ. ಕೇಳುವುದರಲ್ಲಿ ಸಂಕೋಚ ಬೇಡ. ಹೃದಯ ನಮ್ಮದು ತಾನೇ.